ಕಾಮಾಲೆ ಕಣ್ಣಿಗೆ ಗ್ರಾಫಿಕ್ ಕಾರ್ಡ್ ಮದ್ದಲ್ಲ

ಅಥಣಿ, ಉಗಾರ, ಕಾಗವಾಡ, ಮಂಗಸೂಳಿ ಕಡೆ ಮದುವೆ ಶೂಟಿಂಗ್ ಮಾಡುವ, ಜಾನಪದ ಸಾಂಗ್ ಮಿಕ್ಸಿಂಗ್ ಮಾಡುವ ಹುಡುಗರ ಬಾಯಲ್ಲಿ ಒಂದೇ ಮಾತು: “ಕಲರ್ ಚಲೋ ಬರ್ಬೇಕಂದ್ರ ಕಾರ್ಡ್ ದೊಡ್ಡದ ಬೇಕ್ರಿ ಸರ.” ಸಿಸ್ಟಂ ಕೊಳ್ಳಲು ಮಿರಜಕ್ಕೋ ಸಾಂಗ್ಲಿಗೋ ಹೋದರೆ ಅಂಗಡಿಯವನು ಹೇಳುವುದೂ ಇದನ್ನೇ. ಮೊಬೈಲ್ ತೆರೆದರೆ ಯಾವನೋ ಗಾಜಿನ ಡಬ್ಬಿಯ ಮುಂದೆ ಕೂತು ಹೇಳುವುದೂ ಇದನ್ನೇ. ಸಾಲ ಮಂಜೂರು ಮಾಡುವ ಸೊಸೈಟಿಯವರಿಗೂ ಈಗ ಈ ಮಾತು ಬಾಯಿಪಾಠವಾಗಿದೆ. ಪೂರ್ತಿ ಸುಳ್ಳಾಗಿದ್ದರೆ ಇದು ಇಷ್ಟು ವರ್ಷ ಬಾಳುತ್ತಿರಲಿಲ್ಲ. ಒಂದು ಮೂಲೆಯಲ್ಲಿ ನಿಜ ಇರುವುದರಿಂದಲೇ ನಮ್ಮ ಹುಡುಗರು ಕಂತು ಕಟ್ಟುತ್ತ ಕೂತಿದ್ದಾರೆ.

ಆ ಅಂಗಡಿಯವನು ಬರೆದುಕೊಡುವ ಕೊಟೇಶನ್ ಒಂದನ್ನು ಕೈಗೆತ್ತಿಕೊಳ್ಳಿ. ಮೊತ್ತ ಒಂದೂವರೆ ಲಕ್ಷದ ಆಸುಪಾಸು. ಮೊದಲ ಸಾಲಿನಲ್ಲೇ ಗ್ರಾಫಿಕ್ ಕಾರ್ಡ್. ಹಣದ ಹೆಚ್ಚುಕಡಿಮೆ ಅರ್ಧ ಅದೇ ನುಂಗುತ್ತದೆ. ಕೆಳಗೆ, ಹೆಸರಿನ ಕೊನೆಯಲ್ಲಿ ‘ಎಫ್’ ಎಂಬ ಅಕ್ಷರವಿರುವ ಪ್ರೊಸೆಸರ್. ಆಮೇಲೆ ನೀರಿನ ಕೂಲರ್, ಗಾಜಿನ ಕ್ಯಾಬಿನೆಟ್, ಅದರೊಳಗೆ ಗಳಿಗೆಗೊಂದು ಬಣ್ಣ ಬದಲಿಸುವ ಫ್ಯಾನುಗಳು. ಕಾಗದ ಮುಗಿಯುವ ಹೊತ್ತಿಗೆ ಒಂದು ಸಾಲು: ‘ಮಾನಿಟರ್ 22 ಇಂಚು’. ಪ್ಯಾನೆಲ್ ಯಾವುದು, ಎಷ್ಟು ಬಣ್ಣ ತೋರಿಸುತ್ತದೆ, ಒಂದಕ್ಷರ ಇಲ್ಲ. ಯುಪಿಎಸ್ ಜಾಗದಲ್ಲಿ ಎಷ್ಟೋ ಸಲ ಅಡ್ಡಗೆರೆ. ಬಣ್ಣ ತಿದ್ದುವ ಕೆಲಸಕ್ಕೆಂದೇ ಬರೆಸಿದ ಪಟ್ಟಿ ಇದು. ಅದರಲ್ಲಿ ಬಣ್ಣ ಕಾಣಿಸುವ ವಸ್ತು ಒಂದೇ ಒಂದು, ಅದಕ್ಕೇ ಕಡೆಯ ಸ್ಥಾನ, ಕಡಿಮೆ ದುಡ್ಡು.

ಕಾರ್ಡ್ ಮಾಡುವ ಕೆಲಸವಾದರೂ ಏನು? 4ಕೆ ವಿಡಿಯೋದ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಸೆಕೆಂಡಿಗೆ 25 ಫ್ರೇಮ್ ಎಂದರೆ 20 ಕೋಟಿಗೂ ಮೇಲೆ. ಬಣ್ಣ ತಿದ್ದುವ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನಲ್ಲಿ ನೀವು ಒಂದು ಚಕ್ರ ತಿರುಗಿಸಿದರೆ ಇಷ್ಟೂ ಪಿಕ್ಸೆಲ್‌ಗಳ ಲೆಕ್ಕವನ್ನು ಕಾರ್ಡ್ ಹೊಸದಾಗಿ ಮಾಡಬೇಕು. ದೊಡ್ಡ ಕಾರ್ಡ್ ಬೇಗ ಮಾಡುತ್ತದೆ, ಸಣ್ಣದು ತಡವಾಗಿ ಮಾಡುತ್ತದೆ. ಆದರೆ ಮೂವತ್ತು ಸಾವಿರದ ಕಾರ್ಡಿಗೂ ಎರಡು ಲಕ್ಷದ ಕಾರ್ಡಿಗೂ ಬರುವ ಉತ್ತರ ಒಂದೇ. ಮದುಮಗಳ ಗಲ್ಲ ಎಷ್ಟು ಕೆಂಪಗಿರಬೇಕು, ಶಾಮಿಯಾನದ ನೀಲಿ ಬೆಳಕು ಅವಳ ಹಣೆಯ ಮೇಲೆ ಎಷ್ಟು ಉಳಿಯಬೇಕು ಎನ್ನುವ ತೀರ್ಮಾನ ಕಾರ್ಡಿನದಲ್ಲ. ಅದು ಕುರ್ಚಿಯಲ್ಲಿ ಕೂತವನ ಕಣ್ಣಿನದು. ಆ ಕಣ್ಣಿಗೆ ಆಧಾರ ಎದುರಿಗಿರುವ ಪರದೆ ಮತ್ತು ಸುತ್ತಲಿನ ಬೆಳಕು, ಅಷ್ಟೇ.

ಮಂಗಸೂಳಿಯವರಿಗೆ ಈ ವಿಷಯ ಬೇರೆ ಊರಿನವರಿಗಿಂತ ಮೊದಲೇ ಹೊಳೆಯಬೇಕಿತ್ತು. ಖಂಡೋಬಾ ಎನ್ನಿ, ಮಲ್ಲಯ್ಯ ಎನ್ನಿ, ಆ ದೇವರ ಊರಿದು. ಅರಿಷಿಣ ಪುಡಿಯ ಭಂಡಾರ ಹಾರಿತೆಂದರೆ ಕಲ್ಲು, ಅಂಗಿ, ಹಣೆ, ಮೀಸೆ ಎಲ್ಲಕ್ಕೂ ಒಂದೇ ಬಣ್ಣ. ಪಕ್ಕದ ಸಾಂಗ್ಲಿಯಂತೂ ಅರಿಷಿಣದ ಪೇಟೆ. ಮದುವೆ ಮನೆಯಲ್ಲಿ ಅರಿಷಿಣ ಹಚ್ಚುವ ದಿನವೂ ಇದೇ ಹಳದಿ. ವಿಡಿಯೋದ ಮಟ್ಟಿಗೆ ಈ ಹಳದಿಯಷ್ಟು ಕಠಿಣವಾದ ಬಣ್ಣ ಇನ್ನೊಂದಿಲ್ಲ. ಡಿಜಿಟಲ್ ಚಿತ್ರದಲ್ಲಿ ಹಳದಿ ಎಂದರೆ ಕೆಂಪು ಮತ್ತು ಹಸಿರು ಮೇಲೆ, ನೀಲಿ ಕೆಳಗೆ. ಭಂಡಾರದಂಥ ಗಾಢ ಹಳದಿಯಲ್ಲಿ ನೀಲಿ ಸೊನ್ನೆಯ ಹತ್ತಿರಕ್ಕೆ ಇಳಿದಿರುತ್ತದೆ. ಅದರ ಮೇಲೆ ಸ್ಯಾಚುರೇಶನ್ ಏರಿಸಿದರೆ ನೀಲಿ ತಳ ಮುಟ್ಟುತ್ತದೆ. ಪುಡಿಯ ಕಣಗಳು, ಗಲ್ಲದ ಮೇಲೆ ಮೂಡಿದ ಬೆರಳಿನ ಗೆರೆ, ಕುಂಕುಮಕ್ಕೂ ಅರಿಷಿಣಕ್ಕೂ ನಡುವಿನ ಅಂಚು, ಎಲ್ಲ ಕಲಸಿ ಮುಖ ಸಪಾಟಾಗುತ್ತದೆ. ಹಾಗೆ ಕಳೆದುಹೋದದ್ದು ಆ ಫೈಲಿನಿಂದ ಮತ್ತೆ ಬರುವುದಿಲ್ಲ, ಕಾರ್ಡ್ ಯಾವುದೇ ಇರಲಿ.

ಹುಡುಗ ಏರಿಸಿದ್ದಾದರೂ ಯಾಕೆ? ಅವನ ಪರದೆಯಲ್ಲಿ ಆ ಹಳದಿ ಸಪ್ಪೆಯಾಗಿ ಕಂಡಿತು, ಅದಕ್ಕೆ. ಅಗ್ಗದ ಲ್ಯಾಪ್‌ಟಾಪುಗಳ ವಿವರ ಓದಿದರೆ ಎಷ್ಟೋ ಕಡೆ ‘45% ಎನ್‌ಟಿಎಸ್‌ಸಿ’ ಎಂದು ಇರುತ್ತದೆ. ಹಾಗೆಂದರೆ ಮೊಬೈಲು, ಟಿವಿ, ಯೂಟ್ಯೂಬಿಗೆಲ್ಲ ಸಾಮಾನ್ಯ ಅಳತೆಯಾದ ಎಸ್‌ಆರ್‌ಜಿಬಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಿಮೆ. ಅಂಥ ಪರದೆಯ ಮುಂದೆ ಕೂತವನು ಬಣ್ಣ ಸಾಲದೆಂದು ಏರಿಸುತ್ತಲೇ ಹೋಗುತ್ತಾನೆ. ಅದೇ ವಿಡಿಯೋ ಪಾರ್ಟಿಯ ಮೊಬೈಲಿನ ಅಮೋಲೆಡ್ ಪರದೆಯಲ್ಲಿ ತೆರೆದುಕೊಂಡಾಗ ಬೀಗರ ಮುಂದೆಯೇ ಪ್ರಶ್ನೆ ಬರುತ್ತದೆ: “ಏನಪಾ ತಮ್ಮಾ, ನಮ್ಮ ಹುಡುಗಿಗೆ ಕಾಮಾಲಿ ಆದಂಗ ಕಾಣ್ತೈತೆಲ್ಲ?” ಆಗ ಹುಡುಗ ಮನೆಗೆ ಬಂದು ತೀರ್ಮಾನಿಸುವುದು ಕಾರ್ಡ್ ಸಾಲದು ಅಂತ.

ಇನ್ನೊಂದು ಎಡವಟ್ಟು ಕ್ಯಾಮರಾದಲ್ಲೇ ಶುರುವಾಗಿರುತ್ತದೆ. ವೈಟ್ ಬ್ಯಾಲನ್ಸ್ ಆಟೋದಲ್ಲಿ ಬಿಟ್ಟರೆ, ಚೌಕಟ್ಟು ತುಂಬ ಭಂಡಾರ ಕಂಡ ಕೂಡಲೇ ಕ್ಯಾಮರಾ ಅದನ್ನು ಬೆಳಕಿನ ದೋಷವೆಂದು ತಿಳಿದು ಇಡೀ ಚಿತ್ರವನ್ನು ನೀಲಿಯ ಕಡೆ ಎಳೆಯಲು ನೋಡುತ್ತದೆ. ಭಂಡಾರ ಇಳಿದು ಬಿಳಿ ಗೋಡೆ ಕಂಡಾಗ ಮತ್ತೆ ಇತ್ತ. ಒಂದೇ ಶಾಟ್‌ನೊಳಗೆ ಪೂಜಾರಿಯ ಮುಖ ಎರಡು ಬಣ್ಣ. ಬಿಸಿಲಿನಲ್ಲಿ 5600 ಕೆಲ್ವಿನ್‌ಗೆ ಕಟ್ಟಿಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಖರ್ಚು ಬಿಡಿಗಾಸಿಲ್ಲ.

ಕೋಣೆಯ ಮಾತಿಗೆ ಬರೋಣ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತ ಗಾದೆ. ಮಿಕ್ಸಿಂಗ್ ಕೋಣೆಯಲ್ಲಿ ಆಗುವುದು ಅದರ ಉಲ್ಟಾ. ಹಳದಿ ಬಲ್ಬಿನ ಕೆಳಗೆ ಒಂದು ತಾಸು ಕೂತರೆ ಕಣ್ಣು ಆ ಹಳದಿಯನ್ನೇ ಬಿಳಿ ಎಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಸರಿಯಾದ ಪರದೆಯೂ ಅದಕ್ಕೆ ನೀಲಿಯಾಗಿ ಕಾಣುತ್ತದೆ, ಕೈ ತಾನಾಗಿ ಹಳದಿ ಹೆಚ್ಚಿಸುತ್ತದೆ. ನಮ್ಮ ಸ್ಟುಡಿಯೋಗಳ ಗೋಡೆಗಳೋ ಒಂದು ತೊಂಡೆಹಣ್ಣಿನ ಕೆಂಪು, ಇನ್ನೊಂದು ಗಿಳಿಹಸಿರು. ಅದರ ಮೇಲೆ ಈ ಗಾಜಿನ ಕ್ಯಾಬಿನೆಟ್ಟು: ಗಳಿಗೆಗೆ ನೇರಳೆ, ಗಳಿಗೆಗೆ ಹಸಿರು ಚೆಲ್ಲುತ್ತ ಪರದೆಯ ಪಕ್ಕದಲ್ಲೇ ಕೂತಿರುತ್ತದೆ. ಬಣ್ಣ ನೋಡುವ ಕಣ್ಣನ್ನು ಕೆಡಿಸುವುದಕ್ಕೆಂದೇ ಹತ್ತು ಸಾವಿರ ಹೆಚ್ಚು ಕೊಟ್ಟು ತಂದ ಸಾಮಾನು. ಗಿರಾಕಿ ಅದನ್ನು ನೋಡಿ ಮರುಳಾಗುತ್ತಾನೆ ಎನ್ನುವ ವಾದವಿದೆ. ಸರಿ, ಗಿರಾಕಿ ಕೂರುವ ಕೋಣೆಯಲ್ಲಿ ಇಡಿ, ಅಲ್ಲಿ ಬೇಕಾದಷ್ಟು ಮಿನುಗಲಿ.

ಇದಕ್ಕೆ ಬೇಕಾದ ಅಳತೆಗಳು ಗುಟ್ಟೇನಲ್ಲ. ಬಿಳಿ 6500 ಕೆಲ್ವಿನ್ ಆಸುಪಾಸಿನ ಹಗಲಿನ ಬಿಳಿ, ವಿಡಿಯೋದ ಬಣ್ಣಕ್ಕೆ ರೆಕ್ 709 ಎಂಬ ಮಾನದಂಡ, ಪರದೆಯ ಬೆಳಕು ಸುಮಾರು 100 ನಿಟ್ಸ್, ಕೋಣೆ ಮಂದ, ಹಿಂದಿನ ಗೋಡೆ ಬೂದು. ಒಂದೇ ಗೋಡೆ ಸಾಕು. ಒಂದು ಡಬ್ಬಿ ಡಿಸ್ಟೆಂಪರು, ಅರ್ಧ ದಿನದ ಕೆಲಸ. ಕಿಟಕಿಗೆ ದಪ್ಪ ಪರದೆ. ಮಾನಿಟರಿನ ಹಿಂದೆ ಒಂದು ಬಿಳಿ ಎಲ್‌ಇಡಿ, ಪೆಟ್ಟಿಗೆಯ ಮೇಲೆ 6500ಕೆ, ಸಿಆರ್‌ಐ 90ರ ಮೇಲೆ ಎಂದು ಬರೆದದ್ದು. ಎಸ್‌ಆರ್‌ಜಿಬಿ ಪೂರ್ತಿ ತೋರಿಸುವ ಐಪಿಎಸ್ ಮಾನಿಟರ್ ಈಗ ಹದಿನೈದು ಸಾವಿರದೊಳಗೂ ಸಿಗುತ್ತದೆ. ಅದನ್ನು ಅಳೆದು ಸರಿಮಾಡುವ ಕ್ಯಾಲಿಬ್ರೇಟರ್, ಡೇಟಾಕಲರ್‌ನ ಸ್ಪೈಡರ್‌ನಂಥದು, ಒಬ್ಬನಿಗೆ ದುಬಾರಿಯೇ. ಆದರೆ ಅದು ತಿಂಗಳಿಗೊಮ್ಮೆ ಬಳಸುವ ಸಾಧನ. ಡ್ರೋನನ್ನು ಹಂಗಾಮಿನಲ್ಲಿ ಊರಿಂದೂರಿಗೆ ಬಾಡಿಗೆಗೆ ಕೊಡುವ ನಮ್ಮವರಿಗೆ, ಕಾಗವಾಡ ಉಗಾರದ ನಾಲ್ಕು ಜನ ಕೂಡಿ ಇದೊಂದನ್ನು ಕೊಳ್ಳಬಹುದೆಂದು ಯಾಕೆ ಹೊಳೆಯುವುದಿಲ್ಲವೋ.

ಇಲ್ಲಿ ಒಂದು ಜಾಣ ಪ್ರಶ್ನೆ ಬರುತ್ತದೆ. ನೋಡುವವರ ಮೊಬೈಲ್ ಒಂದೊಂದೂ ಒಂದೊಂದು ಥರ, ಟಿವಿಗಳೆಲ್ಲ ಅಂಗಡಿಯಿಂದ ಬಂದಾಗಿನ ‘ವಿವಿಡ್’ನಲ್ಲೇ ಇರುತ್ತವೆ, ವಾಟ್ಸಪ್ಪಿಗೆ ಹಾಕಿದರೆ ಹಿಂಡಿ ಹಿಪ್ಪೆ ಮಾಡುತ್ತದೆ; ನಾನೊಬ್ಬ ಪರದೆ ಸರಿ ಇಟ್ಟುಕೊಂಡು ಏನು ಪ್ರಯೋಜನ? ಪ್ರಯೋಜನ ಇದೆ. ಜನರ ಪರದೆಗಳು ಒಂದೇ ಕಡೆ ತಪ್ಪುವುದಿಲ್ಲ. ಕೆಲವು ಹಳದಿಗೆ ವಾಲುತ್ತವೆ, ಕೆಲವು ನೀಲಿಗೆ. ನೀವು ನಡುವೆ ನಿಂತಿದ್ದರೆ ಎರಡೂ ಕಡೆಯವರಿಗೆ ತಪ್ಪು ಸ್ವಲ್ಪವೇ ಕಾಣುತ್ತದೆ. ನೀವೇ ಹಳದಿಗೆ ವಾಲಿದ್ದರೆ, ಹಳದಿಯ ಮೊಬೈಲಿನವನಿಗೆ ತಪ್ಪು ಇಮ್ಮಡಿ. ಮತ್ತೆ, ಪರದೆಯ ಮೇಲೆ ನಂಬಿಕೆಯೇ ಇಲ್ಲದವನಿಗೂ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಬಣ್ಣ ಅಳೆದು ತೋರಿಸುವ ವೆಕ್ಟರ್‌ಸ್ಕೋಪ್ ಇದೆ. ಮನುಷ್ಯರ ಚರ್ಮ ಕಪ್ಪಿರಲಿ ಬಿಳುಪಿರಲಿ, ಅದರ ಬಣ್ಣ ಅಲ್ಲಿ ಹೆಚ್ಚುಕಡಿಮೆ ಒಂದೇ ಗೆರೆಯ ಗುಂಟ ಬೀಳುತ್ತದೆ. ಮುಖ ಆ ಗೆರೆ ಬಿಟ್ಟು ಹಳದಿಯ ಕಡೆ ಸರಿದಿದ್ದರೆ ಸ್ಕೋಪ್ ಮುಚ್ಚಿಡುವುದಿಲ್ಲ. ಅದನ್ನು ತೆರೆದಿಟ್ಟುಕೊಂಡು ಕೆಲಸ ಮಾಡುವವರು ನಮ್ಮ ಕಡೆ ಎಷ್ಟು ಮಂದಿ?

“ಟೈಮ್‌ಲೈನ್ ನಿಂತ ನಿಂತ ಓಡ್ತೈತ್ರಿ, ಅದಕ್ಕ ಕಾರ್ಡ್ ಬೇಕು” ಎನ್ನುವವರದು ಬೇರೆ ತಕರಾರು, ಇದು ನಿಜವಾದ ತೊಂದರೆಯೂ ಹೌದು. ಆದರೆ ರೋಗ ಒಂದು, ಔಷಧ ಇನ್ನೊಂದು. ಮದುವೆ ಕ್ಯಾಮರಾಗಳು ವಿಡಿಯೋವನ್ನು ಎಚ್.264, ಎಚ್.265 ರೂಪದಲ್ಲಿ ಗಟ್ಟಿಯಾಗಿ ಒತ್ತಿ ಇಡುತ್ತವೆ. ಒಂದು ಫ್ರೇಮ್ ತೋರಿಸಬೇಕಾದರೆ ಅದರ ಹಿಂದುಮುಂದಿನ ಫ್ರೇಮುಗಳನ್ನೂ ಬಿಚ್ಚಬೇಕು. ಈ ಬಿಚ್ಚುವ ಕೆಲಸಕ್ಕೆ ಚಿಪ್ಪಿನಲ್ಲಿ ಪ್ರತ್ಯೇಕ ಭಾಗ ಇರುತ್ತದೆ; ಕಾರ್ಡಿನ ಸಾವಿರಾರು ಕೋರ್‌ಗಳಿಗೂ ಅದಕ್ಕೂ ಸಂಬಂಧ ಕಡಿಮೆ. ಸೋನಿಯ ಆಲ್ಫಾ 7 ಫೋರ್‌ನಂಥ ಕ್ಯಾಮರಾಗಳು ಬಂದ ಮೇಲೆ 10 ಬಿಟ್ 4:2:2 ವಿಡಿಯೋ ನಮ್ಮ ಮದುವೆ ಮಂಟಪಕ್ಕೂ ಬಂತು. ಎಚ್.265ರ ಆ ರೂಪವನ್ನು ಇಂಟೆಲ್ ಪ್ರೊಸೆಸರ್‌ನೊಳಗಿನ ಕ್ವಿಕ್ ಸಿಂಕ್ ಎಂಬ ಭಾಗ 11ನೇ ಪೀಳಿಗೆಯಿಂದಲೂ ಸಲೀಸಾಗಿ ಬಿಚ್ಚುತ್ತದೆ. ಎನ್‌ವಿಡಿಯಾ ಕಾರ್ಡುಗಳಿಗೆ ಅದು ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೆ ಹಿಂದಿನ, ಎರಡು ಲಕ್ಷ ಬಾಳಿದ 4090 ಕೂಡ ಅದನ್ನು ಬಿಚ್ಚದು.

ಆ ‘ಎಫ್’ ಅಕ್ಷರವನ್ನು ಈಗ ನೆನಪಿಸಿಕೊಳ್ಳಿ. ಇಂಟೆಲ್ ಪ್ರೊಸೆಸರ್‌ನ ಹೆಸರಿನ ಕೊನೆಗೆ ಎಫ್ ಇದ್ದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ ಎಂದರ್ಥ. ಅದಿಲ್ಲವೆಂದರೆ ಕ್ವಿಕ್ ಸಿಂಕ್ ಇಲ್ಲ. “ದೊಡ್ಡ ಕಾರ್ಡ್ ಹಾಕೋರದೀರಲ್ಲ, ಒಳಗಿಂದು ಯಾಕ್ ಬೇಕು” ಎಂದು ಹೇಳಿ ಒಂದೆರಡು ಸಾವಿರ ಉಳಿಸಿಕೊಟ್ಟ ಅಂಗಡಿಯವನು, ಸಂಕಲನದ ತಂತ್ರಾಂಶಗಳಾದ ಎಡಿಯಸ್ ಆಗಲಿ ಪ್ರೀಮಿಯರ್ ಆಗಲಿ ನಿಜಕ್ಕೂ ನೆಚ್ಚಿಕೊಳ್ಳುವ ಭಾಗವನ್ನೇ ಕಿತ್ತು ಇಟ್ಟುಕೊಂಡ. ಅವನಿಗೆ ಗೇಮ್ ಆಡುವವರ ಸಿಸ್ಟಂ ಗೊತ್ತು. ಮಿಕ್ಸಿಂಗ್ ಮಾಡುವವರದು ಗೊತ್ತಿಲ್ಲ. ಎರಡಕ್ಕೂ ಒಂದೇ ಕೊಟೇಶನ್ ಬರೆಯುತ್ತಾನೆ.

ಡಿಸ್ಕಿನ ವೇಗದ್ದೂ ಇಂಥದೇ ಮೋಜು. ಸೆಕೆಂಡಿಗೆ 7000 ಎಂಬಿ ಓಡುವ ಎಸ್‌ಎಸ್‌ಡಿ ಬೇಕೇಬೇಕೆಂದು ಹಟ. 4ಕೆಯಲ್ಲಿ 100 ಎಂಬಿಪಿಎಸ್ ವಿಡಿಯೋ ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ಮೂರು ಕ್ಯಾಮರಾ ಒಟ್ಟಿಗೆ ಓಡಿಸಿದರೂ ನಲವತ್ತು ಮುಟ್ಟುವುದಿಲ್ಲ. ಸೆಕೆಂಡಿಗೆ 500 ಓಡುವ ಸಾದಾ ಸಾಟಾ ಎಸ್‌ಎಸ್‌ಡಿಗೆ ಅದು ಬೆವರೂ ತರಿಸದು. ಇಷ್ಟಾದ ಮೇಲೂ ನಿಂತರೆ ಪ್ರಾಕ್ಸಿ ಮಾಡಿಕೊಳ್ಳಿ: ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಹಗುರ ಪ್ರತಿ ತಯಾರು. ಅದರಲ್ಲಿ ಕತ್ತರಿಸಿ, ಬಣ್ಣಕ್ಕೆ ಮೂಲಕ್ಕೆ ಮರಳಿ. ಇದನ್ನು ಬಡವರ ಉಪಾಯವೆಂದು ಮೂಗು ಮುರಿಯುವವರು ತಿಳಿಯಬೇಕು, ದೊಡ್ಡ ಚಿತ್ರಗಳ ಸಂಕಲನವೆಲ್ಲ ನಡೆಯುವುದು ಹೀಗೇ. ತಂತ್ರಾಂಶವೂ ಹೊಸದೇ ಆಗಬೇಕೆಂದಿಲ್ಲ: ಆಸ್ಕರ್ ಗೆದ್ದ ಕೊರಿಯಾದ ‘ಪ್ಯಾರಸೈಟ್’ 2019ರಲ್ಲಿ ತೆರೆಗೆ ಬಂತು. ಅದರ ಸಂಕಲನಕ್ಕೆ ಬಳಸಿದ್ದು ಫೈನಲ್ ಕಟ್ ಪ್ರೋ 7, ಆಪಲ್ ಕಂಪನಿ 2011ರಲ್ಲೇ ಕೈಬಿಟ್ಟ ತಂತ್ರಾಂಶ.

ದೊಡ್ಡ ಯಂತ್ರಕ್ಕೇ ಒಳ್ಳೆಯ ಬಣ್ಣ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಡಾವಿಂಚಿ ಎಂಬ ಬಣ್ಣದ ಯಂತ್ರ ಒಂದು ಕಾಲಕ್ಕೆ ಲಕ್ಷಾಂತರ ಡಾಲರಿನದು. ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಅದನ್ನು ಮಾಡುತ್ತಿದ್ದ ಕಂಪನಿಯನ್ನು ಕೊಂಡು, ಮರುವರ್ಷ ತಂತ್ರಾಂಶವನ್ನು 995 ಡಾಲರಿಗೆ ಇಳಿಸಿ, 2011ರಲ್ಲಿ ಒಂದು ಆವೃತ್ತಿಯನ್ನು ಪುಕ್ಕಟೆ ಬಿಟ್ಟಿತು. ಇಂದು ಮಂಗಸೂಳಿಯಲ್ಲಿ ಕೂತವನ ಕೈಯಲ್ಲೂ ಅದೇ ಚಕ್ರಗಳು. ಯಂತ್ರದ ಬಡತನ ನೀಗಿ ದಶಕ ದಾಟಿದೆ, ನಂಬಿಕೆ ಮಾತ್ರ ಹಳೆಯ ಕಾಲದಲ್ಲೇ ಕೂತಿದೆ.

ಅದಕ್ಕೂ ಹಿಂದೆ ಹೋದರೆ ಇನ್ನೂ ಸ್ವಾರಸ್ಯ. ಕನ್ನಡದ ಬಣ್ಣದ ಚಿತ್ರಗಳು ಬಹುಕಾಲ ಮುದ್ರಣವಾಗುತ್ತಿದ್ದುದು ಮದರಾಸಿನ ಲ್ಯಾಬ್‌ಗಳಲ್ಲಿ. ಅಲ್ಲಿನ ಗ್ರೇಡರ್‌ಗೆ ಇದ್ದದ್ದು ಮೂರು ದೀಪ: ಕೆಂಪು, ಹಸಿರು, ನೀಲಿ, ಒಂದೊಂದಕ್ಕೂ ಒಂದರಿಂದ ಐವತ್ತರ ತನಕ ಮೆಟ್ಟಿಲು. ಮುಖವನ್ನೊಂದೇ ತಿದ್ದುವ ಮಾಸ್ಕ್ ಇಲ್ಲ, ಸಿದ್ಧ ಬಣ್ಣ ಹಚ್ಚುವ ಲಟ್ ಇಲ್ಲ, ನೋಡ್ ಇಲ್ಲ. ಒಂದು ದೀಪ ಏರಿಸಿದರೆ ಇಡೀ ಶಾಟ್ ಏರುತ್ತದೆ, ಅಷ್ಟೇ. ಆ ಮೂರು ದೀಪಗಳಲ್ಲಿ ನಮ್ಮ ತಂದೆತಾಯಿ ನೋಡಿದ ಚಿತ್ರಗಳಿಗೆಲ್ಲ ಬಣ್ಣ ಹೊಂದಿಸಿದರು. ಇತ್ತ ಯಂತ್ರದ ಮೇಲೆ ಭಾರ ಹಾಕಿದ್ದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಕೊಲ್ಲಾಪುರದಲ್ಲಿ 1929ರಲ್ಲಿ ಹುಟ್ಟಿದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ‘ಸೈರಂಧ್ರಿ’ಯನ್ನು ಬಣ್ಣದಲ್ಲಿ ತರಲು ಹೊರಟಿತು. ನಿರ್ದೇಶಕ ವಿ. ಶಾಂತಾರಾಮರು ಅದನ್ನು ಸಂಸ್ಕರಣೆಗೆ, ಮುದ್ರಣಕ್ಕೆ ಜರ್ಮನಿಗೆ ಒಯ್ದರು. ಬಣ್ಣ ಕಣ್ಣಿಗೆ ರಾಚುವಂತೆ ಬಂತು, ಚಿತ್ರ ನಿಲ್ಲಲಿಲ್ಲ.

ಇಂದಿನ ಹುಡುಗರ ಆಸೆ ‘ಕೆಜಿಎಫ್ ಕಲರ್’. ಆ ಹೆಸರಿನ ಲಟ್‌ಗಳನ್ನು ದುಡ್ಡು ಕೊಟ್ಟು ಇಳಿಸಿಕೊಂಡು ಹಸಿರು ಕಬ್ಬಿನ ಗದ್ದೆಯಲ್ಲಿ ತೆಗೆದ ಹಾಡಿಗೆ ಹಚ್ಚುತ್ತಾರೆ. ಭುವನ್ ಗೌಡ ಕ್ಯಾಮರಾ ಹಿಡಿದ ಆ ಚಿತ್ರದ ಮಸಿಬಣ್ಣ ಮೊದಲು ಕ್ಯಾಮರಾದ ಮುಂದೆ ತಯಾರಾಯಿತು: ಕೋಲಾರದ ಗಣಿಯ ಸಯನೈಡ್ ದಿಬ್ಬಗಳು, ಧೂಳು, ಹೊಗೆ, ಮಾಸಿದ ಬಟ್ಟೆ. ಎದುರಿಗೆ ಕಬ್ಬು, ಮೈಮೇಲೆ ಗುಲಾಬಿ ಶರ್ಟು ಇರುವಾಗ ಅದೇ ಲಟ್ ಹಚ್ಚಿದರೆ ಬರುವುದು ಕೊಳೆತ ಸೊಪ್ಪಿನ ಬಣ್ಣ. ನಾಯಕನಿಗೆ ಬೇರೆ ಅಂಗಿ ತೊಡಿಸಲು ಐನೂರು ರೂಪಾಯಿ ಸಾಕಿತ್ತು.

ಕಾರ್ಡ್ ಬೇಡವೇ ಬೇಡ ಎಂದರೆ ನಾನೂ ಸುಳ್ಳು ಹೇಳಿದಂತೆ. ರಿಸಾಲ್ವ್ ನಿಂತಿರುವುದೇ ಕಾರ್ಡಿನ ಮೇಲೆ. 4ಕೆ ಟೈಮ್‌ಲೈನಿಗೆ 8 ಜಿಬಿ ಮೆಮೊರಿಯ ಕಾರ್ಡ್ ಕನಿಷ್ಠ; ಕತ್ತಲಲ್ಲಿ ತೆಗೆದ ಬರಾತಿನ ನಾಯ್ಸ್ ತೆಗೆಯುವಾಗ, ಎಐ ಮಾಸ್ಕ್ ಹಾಕುವಾಗ, ರಾ ವಿಡಿಯೋ ಬಂದಾಗ ದೊಡ್ಡ ಕಾರ್ಡ್ ನಿಜವಾಗಿ ದುಡಿಯುತ್ತದೆ. ದಿನಾಲೂ ಅದೇ ಕೆಲಸ ಇರುವ ಬೆಂಗಳೂರಿನ ಸ್ಟುಡಿಯೋ ಕೊಳ್ಳಲಿ. ಹಂಗಾಮಿನ ಮದುವೆ, ನಾಲ್ಕು ಹಾಡು, ಒಂದು ಟ್ರ್ಯಾಕ್ಟರ್ ಶರ್ಯತ್ತು, ಒಂದು ಡೊಳ್ಳಿನ ಪದದ ಲೈವ್ ಇರುವವನಿಗೆ ಆ ದುಡಿಮೆ ವರ್ಷಕ್ಕೆ ಎಷ್ಟು ತಾಸು? ರೆಂಡರ್ ಬೇಗ ಆಗುತ್ತದಂತೆ. ಆರ್‌ಟಿಎಕ್ಸ್ 4060ರಲ್ಲೂ 4070ರಲ್ಲೂ ವಿಡಿಯೋ ಎನ್‌ಕೋಡರ್ ಒಂದೊಂದೇ ಇರುವುದು. ಸಾದಾ ರೆಂಡರಿಗೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುತ್ತಾರೆ.

ಕರೆಂಟಿನ ಲೆಕ್ಕ ಯಾರೂ ಹಾಕುವುದಿಲ್ಲ. 4060 ಕಾರ್ಡ್ ಎಳೆಯುವುದು 115 ವ್ಯಾಟ್, 4090 ಎಳೆಯುವುದು 450. ನಮ್ಮ ಕಡೆ ಸಾಮಾನ್ಯವಾಗಿ ತರುವ 600 ವಿಎ ಯುಪಿಎಸ್ ಕೊಡುವುದೇ ಸುಮಾರು 360 ವ್ಯಾಟ್. ತ್ರೀ ಫೇಸ್ ಬಂದು ಸುತ್ತಲಿನ ಪಂಪುಗಳೆಲ್ಲ ಒಮ್ಮೆಗೇ ಎದ್ದಾಗ ವೋಲ್ಟೇಜು ಕುಸಿಯುವುದನ್ನು ಕಬ್ಬಿನ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ರೆಂಡರ್ ತೊಂಬತ್ತಕ್ಕೆ ಬಂದಾಗ ಸಿಸ್ಟಂ ಕಣ್ಣು ಮುಚ್ಚುತ್ತದೆ, ಒಮ್ಮೊಮ್ಮೆ ಡಿಸ್ಕನ್ನೂ ಕರೆದುಕೊಂಡು ಹೋಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್, ಶುದ್ಧ ಸೈನ್ ವೇವ್ ಕೊಡುವ ಯುಪಿಎಸ್, ಇದ್ದಿಲು ಉಪ್ಪು ಹಾಕಿ ನೀರು ಬಿಟ್ಟ ಸರಿಯಾದ ಅರ್ಥಿಂಗ್ ಗುಂಡಿ. ಈ ಮೂರಕ್ಕೆ ಗಾಜಿನ ಕಿಟಕಿ ಇಲ್ಲ, ಒಳಗೆ ದೀಪ ಇಲ್ಲ, ಗಿರಾಕಿಗೆ ತೋರಿಸಲು ಬರುವುದಿಲ್ಲ. ಅದಕ್ಕೇ ಕೊಟೇಶನ್‌ನಲ್ಲೂ ಬರುವುದಿಲ್ಲ. ಧೂಳಿನದೂ ಅದೇ ಕಥೆ: ಕಬ್ಬಿನ ರವದಿ ಸುಡುವ ದಿನಗಳಲ್ಲಿ ಕರಿ ಹಾರಿ ಬರುತ್ತದೆ, ಜಾತ್ರೆಯಲ್ಲಿ ಭಂಡಾರ, ಫ್ಯಾನು ಹೆಚ್ಚಿದಷ್ಟೂ ಒಳಗೆ ಹೋಗುವುದು ಹೆಚ್ಚು. ಜಾಳಿಗೆ ಇರುವ ಸಾದಾ ಕ್ಯಾಬಿನೆಟ್, ಎಂಟು ದಿನಕ್ಕೊಮ್ಮೆ ಬ್ಲೋವರ್, ಅಷ್ಟು ಮಾಡಿದರೆ ಎಷ್ಟೋ ವರ್ಷ ಬಾಳುತ್ತದೆ.

ಆ ಕೊಟೇಶನ್‌ನಲ್ಲಿ ಇರದೇ ಇದ್ದ ಇನ್ನೊಂದು ಸಾಲು ಎರಡನೇ ಹಾರ್ಡ್‌ಡಿಸ್ಕಿನದು. 100 ಎಂಬಿಪಿಎಸ್‌ನಲ್ಲಿ ಒಂದು ತಾಸಿನ ವಿಡಿಯೋ 45 ಜಿಬಿ. ಮೂರು ಕ್ಯಾಮರಾದ ಮದುವೆ ಅರ್ಧ ಟಿಬಿ ದಾಟುವುದು ಮಾಮೂಲು. ಕಾರ್ಡ್ ಸುಟ್ಟರೆ ಹೊಸದು ತರಬಹುದು, ಡಿಸ್ಕ್ ಸುಟ್ಟರೆ ಮದುವೆಯ ಅಕ್ಕಿಕಾಳನ್ನು ಮತ್ತೆ ಹಾಕಿಸಲು ಬರುವುದಿಲ್ಲ. ಎರಡೂ ಪ್ರತಿಗಳನ್ನು ಒಂದೇ ಟೇಬಲ್ಲಿನ ಮೇಲೆ ಇಟ್ಟುಕೊಂಡು ಬ್ಯಾಕಪ್ ಇದೆ ಎನ್ನುವವರು 2019ರ ಆಗಸ್ಟ್ ತಿಂಗಳನ್ನು ನೆನೆಯಲಿ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ನದಿ ದಂಡೆಯ ಊರುಗಳಿಗೆ ಕೃಷ್ಣೆ ನುಗ್ಗಿದಾಗ ಜನ ದನಕರು ಬಿಚ್ಚಿಕೊಂಡು ಎತ್ತರಕ್ಕೆ ಓಡಿದರು, ಸಿಸ್ಟಂ ಹೊತ್ತುಕೊಂಡು ಓಡಲು ಯಾರಿಗೆ ಆಗುತ್ತದೆ? ಒಂದು ಪ್ರತಿ ಎತ್ತರದ ಊರಿನ ನೆಂಟರ ಮನೆಯ ಟ್ರೆಜರಿಯಲ್ಲಿರಲಿ. ನಾಲ್ಕು ಟಿಬಿಯ ಡಿಸ್ಕಿಗೆ ಬೀಳುವ ಹಣ, ಆ ಬಣ್ಣ ಬದಲಿಸುವ ಫ್ಯಾನು ಮತ್ತು ನೀರಿನ ಕೂಲರ್ ಎರಡನ್ನು ಬಿಟ್ಟರೆ ಕೈಗೇ ಉಳಿಯುತ್ತದೆ.